ನಿಜವೋ ನಟನೆಯೋ? ಇಟಲಿಯ ನರಭಕ್ಷಕ ಚಿತ್ರಗಳು

1980ರ ಫೆಬ್ರುವರಿಯಲ್ಲಿ ಇಟಲಿಯ ಮಿಲಾನ್ ನಗರದಲ್ಲಿ 'ಕ್ಯಾನಿಬಲ್ ಹಾಲೊಕಾಸ್ಟ್' ಎಂಬ ಚಿತ್ರ ತೆರೆ ಕಂಡಿತು. ಕೆಲವೇ ದಿನಗಳಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಮೊದಲು ಕೇಳಿಬಂದದ್ದು ಅಶ್ಲೀಲತೆಯ ಆರೋಪ. ಆಮೇಲೆ ಹುಟ್ಟಿದ್ದು ಇನ್ನೂ ಘೋರವಾದ ಸಂಶಯ: ತೆರೆಯ ಮೇಲೆ ಸತ್ತ ನಟರು ನಿಜವಾಗಿಯೂ ಸತ್ತಿದ್ದಾರೆಯೇ? ನಿರ್ದೇಶಕ ರುಗ್ಗೆರೊ ಡಿಯೊಡಾಟೊ ಆ ನಟರನ್ನೇ ಮುಂದೆ ತಂದು ನಿಲ್ಲಿಸಿ ಕೊಲೆ ಆಪಾದನೆಯಿಂದ ಪಾರಾಗಬೇಕಾಯಿತು!

ಮನುಷ್ಯರೇ ಮನುಷ್ಯರನ್ನು ತಿನ್ನುವ ಕಥೆಯನ್ನು ಜನ ದುಡ್ಡು ಕೊಟ್ಟು ಏಕೆ ನೋಡಿದರು? ಉತ್ತರ ಈ ಸಂಶಯದಲ್ಲೇ ಇದೆ.

ಇದರ ಬೇರು 1962ರ 'ಮೊಂಡೊ ಕಾನೆ' ಚಿತ್ರದಲ್ಲಿದೆ. ಲೋಕದ ವಿಚಿತ್ರ ಆಚರಣೆಗಳನ್ನು ಒಂದರ ಹಿಂದೊಂದು ಪೋಣಿಸಿ, ಸಾಕ್ಷ್ಯಚಿತ್ರದ ಹೆಸರಿನಲ್ಲಿ ತೋರಿಸಿದ ಅದು ಭಾರಿ ಯಶಸ್ಸು ಕಂಡಿತು. ಅದರ ಕೆಲವು ದೃಶ್ಯಗಳು ಕ್ಯಾಮೆರಾಕ್ಕಾಗಿಯೇ ಹೂಡಿದ ನಾಟಕಗಳಾಗಿದ್ದವು. 1972ರಲ್ಲಿ ಉಂಬರ್ಟೊ ಲೆಂಜಿ ಥಾಯ್ಲೆಂಡಿನ ಕಾಡಿನಲ್ಲಿ ಚಿತ್ರೀಕರಿಸಿ, ಇದೇ ಕುತೂಹಲಕ್ಕೆ ಕಥೆಯ ಹಂದರ ಹಾಕಿದರು. ನರಭಕ್ಷಕ ಚಿತ್ರಗಳ ಸಾಲು ಅಲ್ಲಿಂದ ಆರಂಭವಾಯಿತು.

ಡಿಯೊಡಾಟೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಮೆಜಾನ್ ಕಾಡಿನಲ್ಲಿ ಕಾಣೆಯಾದ ನಾಲ್ವರು ಚಿತ್ರತಯಾರಕರ ರೀಲುಗಳು ಸಿಗುತ್ತವೆ. ಚಿತ್ರದ ಉತ್ತರಾರ್ಧದ ಬಹುಭಾಗ ಆ ರೀಲುಗಳೇ. ಅಲುಗಾಡುವ ಕ್ಯಾಮೆರಾ, ಗೀರುಬಿದ್ದ ಫಿಲ್ಮು, ಥೇಟ್ ಟಿ.ವಿ. ವಾರ್ತೆಯಂತೆ. ರೋಚಕ ದೃಶ್ಯಕ್ಕಾಗಿ ಈ ನಾಗರಿಕರೇ ಹಳ್ಳಿಗೆ ಬೆಂಕಿ ಇಡುತ್ತಾರೆ. ಹಾಗಾದರೆ ಅನಾಗರಿಕರು ಯಾರು ಎಂಬುದು ಚಿತ್ರದ ಪ್ರಶ್ನೆ. ಎಪ್ಪತ್ತರ ದಶಕದಲ್ಲಿ ಇಟಲಿಯ ಭಯೋತ್ಪಾದನೆಯನ್ನು ವಾರ್ತೆಗಳು ತೋರಿಸಿದ ಬಗೆಯೇ ತಮಗೆ ಪ್ರೇರಣೆ ಎಂದು ಡಿಯೊಡಾಟೊ ಹೇಳಿದ್ದರು.

ನಂಬಿಸುವ ಏರ್ಪಾಡೂ ಪಕ್ಕಾ ಆಗಿತ್ತು. ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಬಾರದೆಂದು ನಟರಿಂದ ಕರಾರು ಬರೆಸಿಕೊಳ್ಳಲಾಗಿತ್ತು. ಶೂಲಕ್ಕೇರಿದ ಹೆಂಗಸಿನ ದೃಶ್ಯದ ಗುಟ್ಟು ಇಷ್ಟೇ: ಕಬ್ಬಿಣದ ಕಂಬಕ್ಕೆ ಸಿಕ್ಕಿಸಿದ ಸೈಕಲ್ ಸೀಟು, ನಟಿಯ ಬಾಯಲ್ಲಿ ಹಗುರ ಮರದ ತುಂಡು.

ಆದರೆ ಎಲ್ಲವೂ ನಟನೆಯಾಗಿರಲಿಲ್ಲ. ಆಮೆ, ಕೋತಿ ಮುಂತಾದ ಪ್ರಾಣಿಗಳನ್ನು ಕ್ಯಾಮೆರಾ ಎದುರು ನಿಜವಾಗಿಯೇ ಕೊಲ್ಲಲಾಗಿತ್ತು. ನಿಷೇಧ ತೆರವಾದದ್ದು 1984ರಲ್ಲಿ. ಪ್ರಾಣಿಗಳನ್ನು ಬಳಸಿದ್ದು ಮೂರ್ಖತನವಾಯಿತೆಂದು ಡಿಯೊಡಾಟೊ ಮುಂದೆ ಒಪ್ಪಿಕೊಂಡರು.

ಇನ್ನೊಂದು ಅನ್ಯಾಯ ಮಾತ್ರ ಆರೋಪಪಟ್ಟಿಯಲ್ಲಿ ಇರಲೇ ಇಲ್ಲ. ಚಿತ್ರದ ನರಭಕ್ಷಕರಿಗೆ 'ಯಾನೊಮಾಮೊ' ಎಂಬ ನಿಜವಾದ ಬುಡಕಟ್ಟಿನ ಹೆಸರಿಡಲಾಗಿತ್ತು. ಆ ಜನ ವೆನೆಜುವೆಲಾ-ಬ್ರೆಜಿಲ್ ಗಡಿಯ ಕಾಡಿನವರು. ಚಿತ್ರೀಕರಣ ನಡೆದದ್ದು ದೂರದ ಕೊಲಂಬಿಯಾದ ಲೆಟಿಸಿಯಾ ಬಳಿ. ಸತ್ತ ಬಂಧುವಿನ ಅಸ್ಥಿಯ ಬೂದಿಯನ್ನು ಬಾಳೆಕಾಯಿ ಗಂಜಿಯಲ್ಲಿ ಬೆರೆಸಿ ಕುಡಿಯುವುದು ಅವರ ಪದ್ಧತಿ. ಅದು ಅಗಲಿದವರಿಗೆ ಸಲ್ಲಿಸುವ ಗೌರವವೇ ಹೊರತು ಬೇಟೆಯಲ್ಲ.

ಸಿಕ್ಕ ರೀಲಿನ ತಂತ್ರವನ್ನು 1999ರಲ್ಲಿ ಅಮೆರಿಕದ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಬಳಸಿ ಅಪಾರ ಹಣ ಗಳಿಸಿತು. ಲೆಂಜಿ 2017ರಲ್ಲಿ, ಡಿಯೊಡಾಟೊ 2022ರಲ್ಲಿ ತೀರಿಕೊಂಡರು. ನಟರು ಬದುಕಿದ್ದಾರೆಂದು ತೋರಿಸಲು ಅವರನ್ನು ಕರೆತಂದರೆ ಸಾಕಾಗಿತ್ತು. ಕಾಡಿನ ಜನಕ್ಕೆ ಅಂಟಿಸಿದ ಕಳಂಕ ತೊಳೆಯಲು ಯಾರನ್ನು ಕರೆತರಬೇಕು?