ಜೀಪು ಎಷ್ಟು ಆಳದ ನೀರು ದಾಟೀತು?

ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವಾಗ ಸಾರವಾಡದ ಬಳಿ ಡೋಣಿ ನದಿ ಅಡ್ಡ ಬರುತ್ತದೆ. ಬೇಸಗೆಯಲ್ಲಿ ನೋಡಿದರೆ ಇದೂ ಒಂದು ನದಿಯೇ ಎಂದು ನಿಮಗನ್ನಿಸಬಹುದು. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ನದಿಯ ಪಾತ್ರದಲ್ಲಿ ಹೂಳು ತುಂಬಿದೆ. ಹಾಗಾಗಿ ಜೋರು ಮಳೆಯಾದರೆ ನೀರು ಅಗಲಕ್ಕೆ ಹರಡಿ ಎರಿ ಹೊಲಗಳನ್ನೂ ಕೆಳಮಟ್ಟದ ಸೇತುವೆಗಳನ್ನೂ ಮುಳುಗಿಸುತ್ತದೆ. ಆಗ ದಡದಲ್ಲಿ ಜೀಪು ನಿಲ್ಲಿಸಿದವನ ಪ್ರಶ್ನೆ ಒಂದೇ: ದಾಟಬಹುದೆ?

ಬಂಡಿಯ ಎತ್ತಿಗೆ ಮೂಗು ನೀರಿನ ಮೇಲಿದ್ದರೆ ಉಸಿರಾಟಕ್ಕೆ ತೊಂದರೆಯಿಲ್ಲ. ಎಂಜಿನ್ನಿಗೂ ಮೂಗುಂಟು, ಅದು ಬಾನೆಟ್ಟಿನ ಒಳಗಿದೆ. ಆದರೆ 1941ರ ವಿಲ್ಲೀಸ್ ಜೀಪು ಎಷ್ಟೋ ಸಲ ನಿಂತುಹೋಗುತ್ತಿದ್ದುದು ಮೂಗಿಗೆ ನೀರು ಮುಟ್ಟುವ ಮೊದಲೇ. ಪೆಟ್ರೋಲ್ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ವಿದ್ಯುತ್ತು ಸೋರಿಹೋಗಿ ಪ್ಲಗ್ಗಿನಲ್ಲಿ ಕಿಡಿ ಹಾರದು. 1944ರ ಜೂನಿನಲ್ಲಿ ನಾರ್ಮಂಡಿಯ ತೀರದಲ್ಲಿ ವಾಹನಗಳನ್ನು ಸಮುದ್ರಕ್ಕೇ ಇಳಿಸಬೇಕಾದಾಗ ಸೈನ್ಯದವರು ಸಂದುಗಳಿಗೆ ಜಲನಿರೋಧಕ ಮೆತ್ತಿ, ಗಾಳಿಯ ಕೊಳವೆಯನ್ನು ಎತ್ತರಿಸಿದರು. 1950ರ ಎಂ38 ಜೀಪಿಗೆ ನೀರು ಹೊಗದ ದಹನ ವ್ಯವಸ್ಥೆಯೇ ಬಂತು.

ಸ್ವಾತಂತ್ರ್ಯದ ಬಳಿಕ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ದೇಶದ ಹಳ್ಳಿಗಳಿಗೆ ಜೀಪು ಪರಿಚಿತವಾಯಿತು. ಮುಂದೆ ಡೀಸೆಲ್ ಜೀಪುಗಳು ಬಂದವು. ಡೀಸೆಲ್ಲಿಗೆ ಕಿಡಿ ಬೇಡ. ಹಳೆಯ ತೊಡಕು ತಪ್ಪಿತು. ಆದರೆ ಒದ್ದೆಯಾಗಿ ನಿಂತುಬಿಡುತ್ತಿದ್ದ ಪೆಟ್ರೋಲ್ ಎಂಜಿನ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿತ್ತು! ಡೀಸೆಲ್ ಎಂಜಿನ್ ನೀರನ್ನು ಎಳೆದುಕೊಳ್ಳುವ ತನಕ ಓಡುತ್ತಲೇ ಇರುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರು ತುಂಬಿದರೆ ಮೇಲೇರುವ ಪಿಸ್ಟನ್ ತಡೆದು ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇದಕ್ಕೆ ಪರಿಹಾರ ಸ್ನಾರ್ಕೆಲ್, ಅಂದರೆ ಛಾವಣಿಯ ಮಟ್ಟಕ್ಕೆ ಏರಿಸಿದ ಗಾಳಿಕೊಳವೆ. ಹಾಗಾದರೆ ಛಾವಣಿಯವರೆಗೂ ಮುಳುಗಬಹುದೆ? ಇಲ್ಲಿ ಆರ್ಕಿಮಿಡೀಸ್ ಅಡ್ಡ ಬರುತ್ತಾನೆ. 1,800 ಕಿ.ಗ್ರಾಂ. ತೂಗುವ ಜೀಪಿನ ತಳ 3 ಮೀ. ಉದ್ದ, 1.5 ಮೀ. ಅಗಲ ಎನ್ನಿ. ನೀರು ತಳದಿಂದ 30 ಸೆಂ.ಮೀ. ಮೇಲೇರಿ, ಒಳಗೆ ಹೊಗದಿದ್ದರೆ, ತೇಲಿಸುವ ಬಲ ಸುಮಾರು 1,350 ಕಿ.ಗ್ರಾಂ. ಭಾರಕ್ಕೆ ಸಮ. ಗಾಲಿಗಳ ಮೇಲೆ ಉಳಿಯುವುದು 450 ಮಾತ್ರ. ಬಾಗಿಲಿಲ್ಲದ ಹಳೆಯ ಜೀಪಿಗೆ ನೀರು ನುಗ್ಗುತ್ತಿತ್ತು, ಚಾಲಕನ ಕಾಲು ನೆನೆಯುತ್ತಿತ್ತು, ಗಾಲಿ ಮಾತ್ರ ನೆಲ ಬಿಡುತ್ತಿರಲಿಲ್ಲ. ಈಗಿನ ಬಿಗಿ ಬಾಗಿಲಿನ ವಾಹನ ಬೇಗ ತೇಲುತ್ತದೆ.

2020ರ ಥಾರ್‌ಗೆ ತಯಾರಕರು ಹೇಳುವ ಮಿತಿ 650 ಮಿ.ಮೀ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ಗೆ 500 ಇದ್ದುದು ಹೊಸದರಲ್ಲಿ, ಗಾಳಿಯ ಸಸ್ಪೆನ್ಷನ್ ಇದ್ದರೆ, 900 ಆಗಿದೆ. ಈ ಅಂಕಿಗಳನ್ನು ನಿಂತ ನೀರಿಗೆ, ಗಟ್ಟಿ ತಳಕ್ಕೆ, ನಿಧಾನದ ಚಾಲನೆಗೆ ಅನ್ವಯಿಸಿ ಓದಿಕೊಳ್ಳಬೇಕು. ಹರಿವಿನ ವೇಗ ಎರಡರಷ್ಟಾದರೆ ಅದರ ತಳ್ಳು ನಾಲ್ಕರಷ್ಟು. ಸುಮಾರು 60 ಸೆಂ.ಮೀ. ರಭಸದ ನೀರು ಹೆಚ್ಚಿನ ವಾಹನಗಳನ್ನು ಒಯ್ಯಬಲ್ಲದೆಂದು ಅಮೆರಿಕದ ಹವಾಮಾನ ಸೇವೆ ಎಚ್ಚರಿಸುತ್ತದೆ. ಡೋಣಿಯ ಕೆಂಪು-ಕಪ್ಪು ನೀರಿನಡಿ ಸೇತುವೆಯ ಅಂಚು ಕಾಣದು, ಎರಿ ಕೆಸರಿನಲ್ಲಿ ಗಾಲಿಗೆ ಹಿಡಿತವೂ ಸಿಗದು. ತಿಕೋಟಾ ಕಡೆ ಮಳೆ ನಿಂತಿದ್ದರೂ ಮೇಲಿನ ಜತ್ತದಲ್ಲಿ ಸುರಿದ ನೀರು ಇನ್ನೂ ಬರುತ್ತಿರಬಹುದು. ಹರಿವು ಇಳಿಯುವವರೆಗೆ ಕಾಯಿರಿ.

ನಿಂತ ನೀರನ್ನು ದಾಟಿ ಬಂದರೂ ಡಿಫರೆನ್ಷಿಯಲ್ ಎಣ್ಣೆಯನ್ನು ನೋಡಿ. ಬಿಸಿಯಾದ ಆ ಪೆಟ್ಟಿಗೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನು ಎಳೆದುಕೊಂಡಿರಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಕೂಡಲೆ ಬದಲಿಸಿ.