ವರ್ಷಾವಾಸ ಮತ್ತು ಮಿತಾಹಾರ



2020ನೆಯ ಇಸವಿಯ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ನಮ್ಮ ಸಂಚಾರವೆಲ್ಲ ನಿಂತುಹೋಯಿತು. ಹಳ್ಳಿಗಳ ಪಾದಪೂಜೆಯಿಲ್ಲ, ಸಭೆಗಳಿಲ್ಲ. ಪ್ರಸಾದದ ವೇಳೆ ಮಾತ್ರ ತಪ್ಪಲಿಲ್ಲ. ಮೂರು ತಿಂಗಳಲ್ಲಿ ನಮ್ಮ ಮೈಭಾರ ಐದು ಕಿಲೊ ಏರಿತು. ಹದಿನಾರು ಗಂಟೆ ಉಪವಾಸವಿದ್ದು ಎಂಟು ಗಂಟೆಗಳೊಳಗೆ ಉಣ್ಣುವ ಕ್ರಮವನ್ನು ಅನೇಕರು ಹೊಸ ವಿದ್ಯೆಯೆಂಬಂತೆ ನಮಗೆ ಬೋಧಿಸಿದರು. ಆದರೆ ಊಟವನ್ನು ವೇಳೆಗೆ ಕಟ್ಟುವ ಪದ್ಧತಿ ಈ ದೇಶದಲ್ಲಿ ಬಹು ಪುರಾತನವಾದುದು.

ಬೌದ್ಧ ಭಿಕ್ಷುಗಳು ಮಧ್ಯಾಹ್ನದ ಬಳಿಕ ಮರುದಿನದ ಅರುಣೋದಯದವರೆಗೆ ಉಣ್ಣಲಾಗದೆಂಬುದು ವಿನಯಪಿಟಕದ ನಿಯಮ. ಮಳೆಗಾಲದಲ್ಲಿ ಅವರು ಹಸುರನ್ನೂ ಕ್ರಿಮಿಕೀಟಗಳನ್ನೂ ತುಳಿದು ನಡೆಯುವರೆಂದು ಜನರು ಆಕ್ಷೇಪಿಸಿದುದರಿಂದ ಮೂರು ತಿಂಗಳ ವರ್ಷಾವಾಸ ಏರ್ಪಟ್ಟಿತು. ನಡಿಗೆ ನಿಂತ ಆ ದಿನಗಳಲ್ಲಿಯೂ ಊಟದ ನಿಯಮ ಸಡಿಲಲಿಲ್ಲ. ಜೈನರ ಚಾತುರ್ಮಾಸ, ರಾತ್ರಿಭೋಜನತ್ಯಾಗಗಳು ತಮಗೆ ತಿಳಿದವೇ. ಹೊಟ್ಟೆ ತುಂಬುವ ಮೊದಲೇ ಏಳುವುದನ್ನು ಅವರು ಅವಮೌದರ್ಯವೆಂದು ಕರೆದು ಬಾಹ್ಯತಪಸ್ಸುಗಳಲ್ಲಿ ಎಣಿಸಿರುವರು. ಇವೆಲ್ಲ ಸಂಯಮಕ್ಕಾಗಿ ಹುಟ್ಟಿದವು, ತೂಕಕ್ಕಾಗಿ ಅಲ್ಲ.

ತೂಕದ ಮಾತು ಬರುವುದು ಸಂಯುತ್ತನಿಕಾಯದ ಒಂದು ಪ್ರಸಂಗದಲ್ಲಿ. ಕೋಸಲದ ಅರಸ ಪ್ರಸೇನಜಿತನು ಒಂದು ದ್ರೋಣದಷ್ಟು ಅನ್ನವನ್ನುಂಡು ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದನು. ಮಿತಿಯರಿತು ಉಣ್ಣುವವನ ಬಗೆಗೆ ಬುದ್ಧನು ಒಂದು ಗಾಥೆಯನ್ನು ನುಡಿದನು. ಅರಸನು ಸುದರ್ಶನನೆಂಬ ತರುಣನಿಗೆ ದಿನಕ್ಕೆ ನೂರು ಕಾರ್ಷಾಪಣಗಳನ್ನು ಗೊತ್ತುಮಾಡಿ, ಊಟದ ಹೊತ್ತಿಗೆ ಅದನ್ನು ಹೇಳಿಸುತ್ತಿದ್ದನು. ಹೀಗೆ ಮೆಲ್ಲಮೆಲ್ಲನೆ ಒಂದು ನಾಳಿಕದಷ್ಟು ಅನ್ನಕ್ಕೆ ಇಳಿದು ಮೈ ಹಗುರಾಗಿಸಿಕೊಂಡನು. ಅರಸನು ಉಪವಾಸ ಮಾಡಲಿಲ್ಲ, ಅಳತೆಯನ್ನು ಇಳಿಸಿದನು ಎಂಬುದನ್ನು ತಾವು ಗಮನಿಸಬೇಕು.

ಇತ್ತೀಚಿನ ಸಂಶೋಧನೆಯೂ ಬಹುಮಟ್ಟಿಗೆ ಅಲ್ಲಿಗೇ ಬಂದಿದೆ. ಕೊಬ್ಬಿನ ಆಹಾರವನ್ನು ಎಂಟು ಗಂಟೆಗಳೊಳಗೆ ಮಾತ್ರ ತಿಂದ ಇಲಿಗಳು ಕಡಿಮೆ ಕೊಬ್ಬಿದುವೆಂದು ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯವರು 2012ರಲ್ಲಿ ತೋರಿಸಿದರು. ಮನುಷ್ಯರಲ್ಲಿ ಫಲ ಅಷ್ಟು ಸ್ಪಷ್ಟವಾಗಲಿಲ್ಲ. ಚೀನದ ಗ್ವಾಂಗ್‌ಝೌನಲ್ಲಿ 139 ಸ್ಥೂಲಕಾಯರೆಲ್ಲರೂ ಒಂದು ವರ್ಷ ಆಹಾರದ ಪ್ರಮಾಣವನ್ನು ತಗ್ಗಿಸಿದರು. ಅವರಲ್ಲಿ ಒಂದು ಗುಂಪು ಬೆಳಗಿನ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಂಡಿತು. ಆ ಗುಂಪು ಸರಾಸರಿ 8.0 ಕಿಲೊ, ಇನ್ನೊಂದು 6.3 ಕಿಲೊ ಇಳಿದವು. ಈ ಅಂತರ ನೆಚ್ಚತಕ್ಕಷ್ಟು ದೊಡ್ಡದಲ್ಲವೆಂದು 2022ರ ವರದಿ ತಿಳಿಸಿತು.

ದೇಹವನ್ನು ದಂಡಿಸುವ ವ್ರತಗಳನ್ನು ಕಲ್ಯಾಣದ ಶರಣರು ಒಪ್ಪಿದವರಲ್ಲ, ಪ್ರಸಾದವು ಅಷ್ಟಾವರಣಗಳಲ್ಲೊಂದು. "ಬುದ್ದೀ, ಪ್ರಸಾದ ಬಿಡುವುದು ತಪ್ಪಲ್ಲವೆ?" ಎಂದು ವೃದ್ಧ ತಾಯಿಯೊಬ್ಬರು ಫೋನಿನಲ್ಲಿ ಕೇಳಿದರು. ಪಡೆದ ಪ್ರಸಾದವನ್ನು ಬಿಸುಡಲಾಗದು ತಾಯಿ, ಎಷ್ಟು ಪಡೆಯಬೇಕೆಂಬುದು ನಮ್ಮ ಕೈಯಲ್ಲಿದೆ ಎಂದೆವು. ಅವರು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆಂದು ಮಾತಿನ ಕೊನೆಗೆ ತಿಳಿಯಿತು. ಅಂಥವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅಂದೇ ವೈದ್ಯರಲ್ಲಿಗೆ ಹೋಗಿರೆಂದು ಕಟ್ಟುನಿಟ್ಟಾಗಿ ಹೇಳಿದೆವು.

ನಾವು ಸಂಜೆ ಆರರ ಬಳಿಕ ಉಣ್ಣುವುದನ್ನು ಬಿಟ್ಟು ನೋಡಿದೆವು. ಮೊದಲ ವಾರ ತಲೆನೋವು. ವರ್ಷಾಂತ್ಯಕ್ಕೆ ನಾಲ್ಕು ಕಿಲೊ ಇಳಿಯಿತು. ಆದರೆ ರಾತ್ರಿಯ ಹೋಳಿಗೆ, ತುಪ್ಪಗಳೂ ಜೊತೆಗೇ ಹೋಗಿದ್ದುವು. ಇಳಿಸಿದುದು ಗಡಿಯಾರವೋ ತುಪ್ಪವೋ ಹೇಳಲಾರೆವು. ಮಠದಲ್ಲಿ ರಾತ್ರಿಯ ದಾಸೋಹವನ್ನೇ ನಿಲ್ಲಿಸಬಾರದೇಕೆಂದು ಭಕ್ತರೊಬ್ಬರು ಮುಂದೆ ಸೂಚಿಸಿದರು. ಒಪ್ಪಲಿಲ್ಲ. ಪ್ರಸಾದನಿಲಯದ ಹುಡುಗರು ಆಟವಾಡಿ ಹಸಿದು ಬರುವರು. ಅವರಿಗೆ ಎಂಟು ಗಂಟೆಗೆ ಬಿಸಿ ರೊಟ್ಟಿ ಹಿಂದಿನಂತೆಯೇ ನಡೆದಿದೆ.