ಮಹಾವೃಕ್ಷಗಳೂ ನಮ್ಮ ತೋಪುಗಳೂ: ಒಂದು ಚಾರಿತ್ರಿಕ ವಿವೇಚನೆ

ಇತಿಹಾಸದ ಆಕರಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಮಾಡಿಕೊಡುವಾಗ ಶಾಸನ, ನಾಣ್ಯ, ತಾಳೆಯೋಲೆ, ಕಡತ, ವಿದೇಶೀ ಯಾತ್ರಿಕರ ಬರಹ, ಭಗ್ನಾವಶೇಷ ಎಂದು ಪಟ್ಟಿಮಾಡುವುದು ನಮ್ಮ ವಾಡಿಕೆ. ಈ ಪಟ್ಟಿಯಲ್ಲಿ ಮರಕ್ಕೆ ಸ್ಥಾನವಿಲ್ಲ. ಆದರೆ ಗಂಗರ ಕಾಲದ ತಾಮ್ರಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಸಂಸ್ಕೃತದಲ್ಲಿ ಗಂಭೀರವಾಗಿ ನಡೆದುಬಂದ ಬರವಣಿಗೆಯು, ದತ್ತಿಯ ಎಲ್ಲೆಗಳನ್ನು ಹೇಳುವ ಸ್ಥಳಕ್ಕೆ ಬಂದೊಡನೆ ಅನೇಕ ವೇಳೆ ಕನ್ನಡಕ್ಕೆ ಹೊರಳಿ, ಇಂಥ ಹುಣಸೆ, ಇಂಥ ಆಲ, ಇಂಥ ಕಲ್ಲು ಎಂದು ಗುರುತುಗಳನ್ನು ಹೆಸರಿಸತೊಡಗುತ್ತದೆ. ರಾಜನ ಬಿರುದಾವಳಿಯನ್ನು ಪಂಡಿತನು ಬರೆಯಬಹುದು. ಎಲ್ಲೆಯನ್ನು ಮಾತ್ರ ಊರಿನವರೇ ಹೇಳಬೇಕು. ಊರಿನವರು ಸಾಕ್ಷಿಗೆ ಕರೆದದ್ದು ಮರವನ್ನು.

ಊರ ಹೆಸರುಗಳಲ್ಲಿಯೂ ಈ ಸಾಕ್ಷ್ಯ ಉಳಿದಿದೆ. ಹುಣಸೇಹಳ್ಳಿ, ಬೇವಿನಹಳ್ಳಿ, ಮಾವಿನಹಳ್ಳಿ ಎಂಬ ಗ್ರಾಮಗಳು ಕರ್ಣಾಟಕದ ಯಾವ ಜಿಲ್ಲೆಯಲ್ಲಿ ಹುಡುಕಿದರೂ ಸಿಕ್ಕಿಯಾವು. ತುಮಕೂರು ನಗರದೊಳಗೇ ಸೇರಿಹೋಗಿರುವ ನಮ್ಮ ಉಪ್ಪಾರಹಳ್ಳಿಯ ಹೆಸರು ಮರದ್ದಲ್ಲ, ಕಸುಬಿನದು. ಸವಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಜನರ ನೆನಪು ಅದರಲ್ಲಿದೆ. ಕಸುಬು ಹೋಗಿ ಹೆಸರು ಉಳಿದಂತೆ, ಎಷ್ಟೋ ಊರುಗಳಲ್ಲಿ ಮರ ಹೋಗಿ ಹೆಸರು ಮಾತ್ರ ಉಳಿದಿದೆ. ಮರವು ಏಕೆ ಹೋಯಿತು, ಎಲ್ಲಿ ಉಳಿಯಿತು, ಉಳಿಸಿದವರು ಯಾರು ಎಂಬುದೇ ಪ್ರಕೃತ ಲೇಖನದ ವಿಷಯ. ಇದಕ್ಕೆ ಒಂದು ಹೋಲಿಕೆ ಬೇಕು. ಆ ಹೋಲಿಕೆಯನ್ನು ಭೂಮಿಯ ಮೇಲಣ ಅತ್ಯುನ್ನತ ಮರಗಳಿರುವ ಅಮೆರಿಕಾದ ಕ್ಯಾಲಿಫೋರ್ನಿಯದಿಂದ ತೆಗೆದುಕೊಳ್ಳುತ್ತೇನೆ.

ಕ್ಯಾಲಿಫೋರ್ನಿಯದಲ್ಲಿ ಮಹಾವೃಕ್ಷಗಳೆಂದು ಪ್ರಸಿದ್ಧವಾದವು ಎರಡು ಜಾತಿ. ಪೆಸಿಫಿಕ್ ಸಾಗರದ ತೀರದ ಕಿರಿದಾದ ಪಟ್ಟಿಯಲ್ಲಿ ಬೆಳೆಯುವ ರೆಡ್‌ವುಡ್ ಎಂಬ ಕೆಂಪುಮರ ಒಂದು. ಒಳನಾಡಿನ ಸಿಯೆರಾ ನೆವಾಡಾ ಪರ್ವತಗಳ ಸಿಕೋಯ ಇನ್ನೊಂದು. ಮೊದಲನೆಯದು ಎತ್ತರದಲ್ಲಿಯೂ ಎರಡನೆಯದು ಗಾತ್ರದಲ್ಲಿಯೂ ಅಗ್ರಗಣ್ಯ. 2006ರಲ್ಲಿ ಪತ್ತೆಯಾದ ಹೈಪೀರಿಯನ್ ಎಂಬ ಕೆಂಪುಮರದ ಎತ್ತರ ಸುಮಾರು 116 ಮೀಟರು, ಅಂದರೆ 380 ಅಡಿ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟಮೂರ್ತಿಯನ್ನು ಒಂದರ ಮೇಲೊಂದರಂತೆ ಆರು ಬಾರಿ ನಿಲ್ಲಿಸಿದರೂ ಆ ಮರದ ತುದಿಗೆ ಇನ್ನೂ 30 ಅಡಿಗಳಷ್ಟು ಉಳಿಯುತ್ತದೆ. ಎರಡು ಸಾವಿರ ವರ್ಷ ದಾಟಿದ ಮರಗಳು ಆ ಕಾಡಿನಲ್ಲಿವೆ. ಅಶೋಕನ ಶಾಸನಗಳು ಬ್ರಹ್ಮಗಿರಿಯಲ್ಲಿ ಕೆತ್ತಲ್ಪಟ್ಟು ಎರಡು ಮೂರು ಶತಮಾನ ಕಳೆಯುವಷ್ಟರಲ್ಲಿ ಅವು ಮೊಳೆತಿದ್ದವು. ಮಳೆಯಿಲ್ಲದ ಬೇಸಗೆಯಲ್ಲಿ ಸಾಗರದಿಂದ ಬರುವ ಮಂಜು ಅವುಗಳ ನೀರಿನ ಅಗತ್ಯದಲ್ಲಿ ಗಣನೀಯ ಭಾಗವನ್ನು ಒದಗಿಸುತ್ತದೆ. ಆ ಮಂಜಿನಲ್ಲಿ ಬೆಳಕು ಕಂಬಕಂಬಗಳ ನಡುವೆ ಸೋಸಿ ಇಳಿಯುವುದನ್ನೂ, ಮೆತ್ತನೆಯ ನೆಲದ ಮೇಲೆ ಹೆಜ್ಜೆಯ ಸದ್ದೂ ಅಡಗಿಹೋಗುವುದನ್ನೂ ಕಂಡವರು ಅದನ್ನು ದೇವಾಲಯದ ಗರ್ಭಗುಡಿಗೆ ಹೋಲಿಸುವುದುಂಟು. ಈ ಉಪಮೆ ಸವೆದುಹೋಗಿದೆ. ಆದರೂ ಅದಕ್ಕಿಂತ ಸಮರ್ಪಕವಾದುದು ನನಗೆ ಹೊಳೆಯದು.

ಸೌಂದರ್ಯದ ದರ್ಶನವಾದೊಡನೆ ರಕ್ಷಣೆ ಹುಟ್ಟಿತೆಂದು ಭಾವಿಸಬಾರದು. 1852ರಲ್ಲಿ ಬೇಟೆಗಾರನೊಬ್ಬನ ಕಣ್ಣಿಗೆ ಬಿದ್ದ ಕ್ಯಾಲವೆರಾಸ್ ತೋಪಿನ ಸಿಕೋಯವೊಂದನ್ನು ಮರುವರ್ಷವೇ ಉರುಳಿಸಲಾಯಿತು. ಅಂಥ ಮರಕ್ಕೆ ಗರಗಸ ಸಾಲದೆ ಬೈರಿಗೆಯಿಂದ ರಂಧ್ರಗಳನ್ನು ಕೊರೆಯಬೇಕಾಯಿತು. ಕೆಲಸ ಮೂರು ವಾರ ಹಿಡಿಯಿತು. ಉಳಿದ ಬುಡದ ಮೇಲೆ ಜನರು ನರ್ತನ ಮಾಡಿದರು! 1854ರಲ್ಲಿ ಮತ್ತೊಂದು ಮರದ ತೊಗಟೆಯನ್ನೇ ಸುಲಿದು ಪ್ರದರ್ಶನಕ್ಕೆ ಕಳುಹಿಸಿದರು. ಸುಲಿದ ಮರ ನಿಂತಲ್ಲಿಯೇ ಸತ್ತಿತು. ತೀರದ ಕೆಂಪುಮರಗಳ ಪಾಡು ಇನ್ನೂ ಕೆಟ್ಟದ್ದು. ಚಿನ್ನದ ಆಸೆಗೆ ಬಂದ ಜನರಿಗೆ ಮನೆಗಳು ಬೇಕಾದವು. 1906ರ ಭೂಕಂಪದ ತರುವಾಯ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಮರಳಿ ಕಟ್ಟಲೂ ಈ ಕಾಡೇ ಹಲಗೆ ಕೊಟ್ಟಿತು. ಮೂಲ ಅರಣ್ಯದಲ್ಲಿ ಕೊಡಲಿ ಕಾಣದೆ ಉಳಿದಿರುವುದು ಇಂದು ಸುಮಾರು ಶೇಕಡಾ 5 ಮಾತ್ರ.

ಉಳಿಸಿದವರೂ ಇದ್ದರು. 1864ರ ಜೂನ್ 30ರಂದು ಅಧ್ಯಕ್ಷ ಲಿಂಕನ್, ಅಂತರ್ಯುದ್ಧದ ನಡುವೆಯೇ, ಯೊಸೆಮಿಟಿ ಕಣಿವೆಯನ್ನೂ ಮಾರಿಪೋಸಾದ ಸಿಕೋಯ ತೋಪನ್ನೂ ಸಾರ್ವಜನಿಕರ ವಿಹಾರಕ್ಕೆಂದು ಶಾಶ್ವತವಾಗಿ ಕ್ಯಾಲಿಫೋರ್ನಿಯ ರಾಜ್ಯಕ್ಕೆ ವಹಿಸುವ ಶಾಸನಕ್ಕೆ ಸಹಿಮಾಡಿದನು. ವಿಲಿಯಂ ಕೆಂಟ್ ಎಂಬ ಶ್ರೀಮಂತನು 1905ರಲ್ಲಿ ಕೆಂಪುಮರದ ಕಣಿವೆಯೊಂದನ್ನು ಕೊಂಡು, ಅದರ ಮುಖ್ಯ ಭಾಗವನ್ನು ಸರ್ಕಾರಕ್ಕೆ ದಾನವಿತ್ತನು. 1908ರಲ್ಲಿ ಅದು ಮ್ಯೂರ್ ವುಡ್ಸ್ ಎಂಬ ರಾಷ್ಟ್ರೀಯ ಸ್ಮಾರಕವಾಯಿತು. 1945ರ ಮೇ 19ರಂದು ವಿಶ್ವಸಂಸ್ಥೆಯ ಸ್ಥಾಪನೆಗೆಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆರೆದಿದ್ದ ಪ್ರತಿನಿಧಿಗಳು ಅದೇ ತೋಪಿನಲ್ಲಿ ದಿವಂಗತ ಅಧ್ಯಕ್ಷ ರೂಸ್‌ವೆಲ್ಟರಿಗೆ ಗೌರವ ಸಲ್ಲಿಸಿದರು. ಆ ಸಮ್ಮೇಳನಕ್ಕೆ ಹೋದ ಭಾರತದ ನಿಯೋಗದ ನಾಯಕರಾಗಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರರೇ ಮರುವರ್ಷ ಮೈಸೂರಿನ ದಿವಾನರಾದರೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಇನ್ನು 1864ನೆಯ ವರ್ಷಕ್ಕೆ ಮರಳೋಣ. ಅದೇ ವರ್ಷ ಭಾರತದಲ್ಲಿ ಬ್ರಿಟಿಷ್ ಸರ್ಕಾರವು ಅರಣ್ಯ ಇಲಾಖೆಯನ್ನು ಸ್ಥಾಪಿಸಿ, ಜರ್ಮನಿಯ ಡೀಟ್ರಿಚ್ ಬ್ರಾಂಡಿಸನನ್ನು ಅದರ ಪ್ರಥಮ ಮಹಾನಿರೀಕ್ಷಕನನ್ನಾಗಿ ನೇಮಿಸಿತು. ಕಮಿಷನರ ಆಡಳಿತದಲ್ಲಿದ್ದ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿದುದೂ ಆ ವರ್ಷವೇ. ಒಂದೇ ವರ್ಷ, ಎರಡು ಖಂಡಗಳಲ್ಲಿ, ಎರಡು ಬಗೆಯ ರಕ್ಷಣೆ! ಅಲ್ಲಿ ಮರವನ್ನು ನೋಡುವುದಕ್ಕಾಗಿ ಕಾಯ್ದರು. ಇಲ್ಲಿ ಕಡಿಯುವುದಕ್ಕಾಗಿ ಕಾಯ್ದರು. ಈ ಮಾತು ಕಠಿನವೆನಿಸಬಹುದು. ಶಿವಮೊಗ್ಗದಲ್ಲಿ ವೈದ್ಯಾಧಿಕಾರಿಯಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಮಲೆನಾಡಿನ ಕಾಡಿನ ನಾಶವನ್ನು ಕಣ್ಣಾರೆ ಕಂಡು, 1851ರಲ್ಲಿ ಇಂಗ್ಲೆಂಡಿನ ವಿದ್ವತ್ಸಭೆಯ ಮುಂದೆ ಉಷ್ಣವಲಯದ ಅರಣ್ಯನಾಶದ ಪರಿಣಾಮಗಳನ್ನು ಕುರಿತ ವರದಿಯನ್ನು ಇಟ್ಟವನು. ಅವನ ಕಳವಳ ಬರಿಯ ದಿಮ್ಮಿಯ ಲೆಕ್ಕದ್ದಲ್ಲ. ಆದರೆ ಇಲಾಖೆಯನ್ನು ನಡೆಸಿದ ಅಗತ್ಯ ಬೇರೆ: ರೈಲುಹಾದಿಯ ಅಡಿದಿಮ್ಮಿಗಳು, ಹಡಗಿನ ತೇಗ, ತರುವಾಯದಲ್ಲಿ 1923ರಿಂದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಇದ್ದಿಲು. ನಮ್ಮ ಅರಣ್ಯಶಾಸನಗಳ ಭಾಷೆಯಲ್ಲಿ ಸೌಂದರ್ಯವೆಂಬ ಪದಕ್ಕೆ ಬಹುಕಾಲ ಎಡೆಯೇ ಇರಲಿಲ್ಲ.

ಹಾಗಾದರೆ ನಮ್ಮಲ್ಲಿ ಮಹಾವೃಕ್ಷಗಳು ಉಳಿದುದೆಂತು? ತುಮಕೂರು ಸೀಮೆಯ ಬಯಲಿನಲ್ಲಿ ಮುಗಿಲು ಮುಟ್ಟುವ ಮರಗಳಿಲ್ಲ. ದೇವರಾಯನದುರ್ಗದ ಇಳಿಜಾರಿನಲ್ಲಿ ನೆರಳಿನ ಕಣಿವೆಗಳನ್ನು ಬಿಟ್ಟರೆ ಉಳಿದುದೆಲ್ಲ ಎಲೆಯುದುರುವ ಒಣಕಾಡು. ನಮ್ಮ ಮಣ್ಣಿನಲ್ಲಿ ಮರದ ಮಹತ್ತು ಎತ್ತರದ್ದಲ್ಲ, ಹರವಿನದು. ಬೆಂಗಳೂರಿಗೆ ಪಶ್ಚಿಮದಲ್ಲಿ ರಾಮೋಹಳ್ಳಿಯ ಬಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ನೆಲವನ್ನು ಆವರಿಸಿದೆ. ಅದರ ವಯಸ್ಸು 400 ವರ್ಷವೆಂಬುದು ಪ್ರತೀತಿ. ಮೂಲಕಾಂಡ ರೋಗದಿಂದ ನಾಶವಾಗಿ, ಬಿಳಲುಗಳೇ ಕಾಂಡಗಳಾಗಿ ನಿಂತಿರುವುದರಿಂದ ಉಂಗುರಗಳನ್ನೆಣಿಸಿ ವಯಸ್ಸು ನಿರ್ಣಯಿಸುವ ಮಾರ್ಗ ಇಲ್ಲಿ ನಡೆಯದು. ಒಂದು ಮರವೇ ತೋಪಾಗಿರುವ ಈ ಅದ್ಭುತವನ್ನು ಕ್ಯಾಲಿಫೋರ್ನಿಯದವರು ಬಂದು ನೋಡಿದರೆ ಅವರೂ ತಲೆ ಬಾಗಿಸಿಯಾರು.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆಯ ತೋಪು ಇದಕ್ಕಿಂತಲೂ ವಿಚಾರಾರ್ಹ. ಸುಮಾರು 54 ಎಕರೆಯಲ್ಲಿ ಹರಡಿರುವ ಇಲ್ಲಿನ ಹುಣಸೆಗಳಲ್ಲಿ ಕೆಲವು ನಾಲ್ಕು ಶತಮಾನ ಮೀರಿದವೆಂದು ಪರಿಗಣಿತವಾಗಿವೆ. ಸ್ಥಳೀಯ ಐತಿಹ್ಯವು ತೋಪನ್ನು ಚೋಳರ ಕಾಲಕ್ಕೆ ಒಯ್ಯುತ್ತದೆ. ಐತಿಹ್ಯವನ್ನು ಪ್ರಮಾಣವೆಂದು ಸ್ವೀಕರಿಸಲಾಗದು. ಆದರೆ ಅದು ಮಾಡಿದ ಕೆಲಸವನ್ನು ಚರಿತ್ರಕಾರನು ಅಲ್ಲಗಳೆಯಲೂ ಆಗದು. ರಾಜರ ಹೆಸರು, ತೋಪಿನೊಳಗಿನ ದೇಗುಲ, ದೇವರ ಭಯ ಇವು ಕೂಡಿ ಕೊಡಲಿಯನ್ನು ತಡೆದಿವೆ. ಕಾಂಡಗಳು ಟೊಳ್ಳಾಗಿ, ತಿರುಚಿ, ಸೀಳಿ, ಮತ್ತೆ ಬೇರೂರಿ ಎದ್ದಿರುವ ಆ ಮರಗಳ ನಡುವೆ ನಡೆಯುವವನಿಗೆ ಹಳೆಯ ಶಿಲ್ಪಗಳ ಮಂಟಪದಲ್ಲಿ ನಡೆದಂತೆ ತೋರುತ್ತದೆ. 2007ರಲ್ಲಿ ಇದು ನಮ್ಮ ದೇಶದ ಪ್ರಥಮ ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿತವಾಯಿತು. ಇದಕ್ಕೆ ಆಧಾರವಾದುದು 2002ರ ಜೀವವೈವಿಧ್ಯ ಕಾಯಿದೆ, ಪುರಾತತ್ತ್ವದ ಕಾಯಿದೆಯಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ನೂರು ವರ್ಷ ಕಳೆದ ಕಟ್ಟಡವನ್ನೂ ಗುಹೆಯನ್ನೂ ಏಕಶಿಲೆಯನ್ನೂ ಸ್ಮಾರಕವೆಂದು ಎಣಿಸುತ್ತದೆ. ಅದರ ವ್ಯಾಖ್ಯೆಯಲ್ಲಿ ಮರವಿಲ್ಲ.

ದೇವರ ಹೆಸರಿನಿಂದ ಉಳಿದ ಕಾಡುಗಳಲ್ಲಿ ಕೊಡಗಿನ ದೇವರಕಾಡುಗಳು ಪ್ರಸಿದ್ಧ. ಅವು ಸಂಖ್ಯೆಯಲ್ಲಿ ಸುಮಾರು 1,200. ಬಿಳಿಗಿರಿರಂಗನ ಬೆಟ್ಟದಲ್ಲಿ ಭಾರ್ಗವಿ ನದಿಯ ದಡದ ದೊಡ್ಡ ಸಂಪಿಗೆಯನ್ನು ಸೋಲಿಗರು ಪೂಜಿಸುತ್ತಾರೆ. ಈ ಮರದ ಪ್ರಸಂಗದಲ್ಲಿ ಒಂದು ಕಹಿಯಾದ ಸಂಗತಿಯನ್ನು ಹೇಳದೆ ವಿಧಿಯಿಲ್ಲ. 1974ರಲ್ಲಿ ಆ ಬೆಟ್ಟವು ವನ್ಯಜೀವಿಧಾಮವಾದಾಗ, ಮರವನ್ನು ತಲೆತಲಾಂತರದಿಂದ ಕಾಯ್ದ ಸೋಲಿಗರನ್ನೇ ಕಾಡಿನ ಒಳಗಿನ ನೆಲೆಗಳಿಂದ ತೆರವುಗೊಳಿಸಲಾಯಿತು. ಯೊಸೆಮಿಟಿಯಲ್ಲಿಯೂ ಹೀಗೆಯೇ ಆಗಿತ್ತು: ಲಿಂಕನ್ ಸಹಿ ಮಾಡುವುದಕ್ಕೆ 13 ವರ್ಷ ಮೊದಲು, 1851ರಲ್ಲಿ, ಸಶಸ್ತ್ರ ದಳವೊಂದು ಆ ಕಣಿವೆಯ ಅಹ್ವಾನೀಚಿ ಜನರನ್ನು ಹೊರದೂಡಿತ್ತು. ಪ್ರವಾಸಿಗಳು ನಿರ್ಜನವೆಂದು ಮೆಚ್ಚಿದ ಆ ಸೊಬಗು ಜನರನ್ನು ಕಳೆದು ಪಡೆದದ್ದು. ಸೋಲಿಗರಿಗೆ 2006ರ ಅರಣ್ಯಹಕ್ಕುಗಳ ಕಾಯಿದೆಯನ್ವಯ ಸಮುದಾಯದ ಹಕ್ಕುಗಳು ದೊರೆತದ್ದು 2011ರಲ್ಲಿ.

ಬಯಲುಸೀಮೆಯ ಮರಗಳಿಗೆ ಇಂಥ ಕಾಡಿನ ಆಶ್ರಯವೂ ಇಲ್ಲ. ಇಲ್ಲಿ ಉಳಿದಿರುವುದು ಗುಂಡುತೋಪು ಮತ್ತು ಸಾಲುಮರ. ಮೈಸೂರು ಸಂಸ್ಥಾನದ ಕಂದಾಯ ದಾಖಲೆಗಳಲ್ಲಿ ಗುಂಡುತೋಪು ಪ್ರತ್ಯೇಕವಾಗಿ ನಮೂದಾದ ಊರೊಟ್ಟಿನ ನೆಲ. ಮಾವು, ಹುಣಸೆ, ಹೊಂಗೆ, ನೇರಳೆಗಳ ಆ ನೆರಳಿನಲ್ಲಿ ಗಾಡಿಗಳು ತಂಗುತ್ತಿದ್ದವು, ಜಾತ್ರೆಯ ದನಗಳು ನಿಲ್ಲುತ್ತಿದ್ದವು. ಸಾಲುಮರವಾದರೋ ಹೆದ್ದಾರಿಯ ಸಂತಾನ. ಬೆಂಗಳೂರಿನಿಂದ ಹೊನ್ನಾವರಕ್ಕೆಂದು ಹೆಸರಾದ ನಮ್ಮ ಬಿ.ಎಚ್. ರಸ್ತೆಯು ತುಮಕೂರು, ಗುಬ್ಬಿ, ತಿಪಟೂರುಗಳ ಮೂಲಕ ಸಾಗುತ್ತದೆ. ಎತ್ತಿನ ಗಾಡಿಯ ಕಾಲಕ್ಕೆ ಹದವಾಗಿದ್ದ ಇಂಥ ರಸ್ತೆಗಳು ಅಗಲವಾದಾಗಲೆಲ್ಲ ಮೊದಲು ಹೋಗುವುದು ಅಂಚಿನ ಮರ. 1976ರ ಕರ್ಣಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಕಡಿಯಲು ಅನುಮತಿ ಬೇಕೆಂದು ವಿಧಿಸುತ್ತದೆ. ಆದರೆ ಅನುಮತಿ ಕೊಡುವುದೂ ಅದೇ ಕಾಯಿದೆ.

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕನವರ ಹೆಸರನ್ನು ಈ ಸಂದರ್ಭದಲ್ಲಿ ಬಿಡುವಂತಿಲ್ಲ. ನೆರೆಯ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಅವರು ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರು ದೂರ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದರು. ಶಾಲೆಯ ಓದಿಲ್ಲದ ಕೂಲಿಕಾರ ದಂಪತಿಗಳ ಈ ಕೆಲಸ, ಪ್ರಾಚೀನ ಕಾಲದ ಅರಸರು ತಮ್ಮ ಪುಣ್ಯಕಾರ್ಯವೆಂದು ಶಾಸನದಲ್ಲಿ ಬರೆಸಿಕೊಂಡ ಬಗೆಯದೇ. ಅದಕ್ಕೆ ತೆರಿಗೆಯ ಹಣ ಹಿಂದಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಗಾಗಿ ಆ ಆಲಗಳಿಗೆ ಆಪತ್ತು ಬಂದಾಗ, ವೃದ್ಧೆ ಮುಖ್ಯಮಂತ್ರಿಗಳನ್ನು ಬೇಡಿಕೊಂಡರು. ಬೇರೆ ದಾರಿ ನೋಡುವ ಭರವಸೆ ದೊರೆಯಿತು. 2025ರ ನವೆಂಬರ್ 14ರಂದು ಅವರು ನಿಧನರಾದರು. ನೆಟ್ಟವರು ಜೀವಂತರಾಗಿದ್ದು ಕೇಳಿಕೊಂಡದ್ದರಿಂದ ಆ ಮರಗಳಿಗೆ ಮಾತು ಸಿಕ್ಕಿತು. ನೆಟ್ಟವರ ಹೆಸರೇ ಅಳಿದ ಸಾಲುಮರಗಳ ಪರವಾಗಿ ಕೇಳುವವರಾರು?

ಬಿ. ಎಲ್. ರೈಸರು ಈ ಜಿಲ್ಲೆಯ ಶಾಸನಗಳನ್ನು ಊರೂರಿನಿಂದ ಸಂಗ್ರಹಿಸಿ 1904ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಹಳೆಯ ಮರಗಳಿಗೆ ಅಂಥ ಸಂಪುಟವಿಲ್ಲ. ಗುಬ್ಬಿ, ಕುಣಿಗಲು ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಗುಂಡುತೋಪಿನ ಸರ್ವೆ ನಂಬರು, ದಾಖಲೆಯಲ್ಲಿರುವ ವಿಸ್ತೀರ್ಣ, ನೆಲದ ಮೇಲಿರುವ ವಿಸ್ತೀರ್ಣ, ನಿಂತಿರುವ ಮರಗಳ ಜಾತಿ, ಎದೆಯ ಎತ್ತರದಲ್ಲಿ ಕಾಂಡದ ಸುತ್ತಳತೆ, ಮರದ ವಿಷಯವಾಗಿ ಹಿರಿಯರು ಹೇಳುವ ಮಾತು ಇಷ್ಟನ್ನು ಬರೆದು ತಂದರೆ ಕೆಲಸ ಆರಂಭವಾದಂತೆ. ಇದಕ್ಕೆ ಬೇಕಾದುದು ಒಂದು ಅಳತೆಯ ಪಟ್ಟಿ, ಒಂದು ನೋಟುಪುಸ್ತಕ, ಮತ್ತು ಗ್ರಾಮಲೆಕ್ಕಿಗರ ಬಳಿ ಕುಳಿತು ಹಳೆಯ ಪುಸ್ತಕ ತೆಗೆಸುವ ತಾಳ್ಮೆ.